ಆಪ್ಷನ್ ಎಂಟ್ರಿ

ನೀಟ್‌ನಲ್ಲಿ 720ಕ್ಕೆ ನನಗೆ ಬಂದದ್ದು 431. ಅಪ್ಪ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಹಿಡಿದು ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುತ್ತಾ ಹೋದರು. ಬೆಂಗಳೂರು ಹೋಯಿತು, ಮೈಸೂರು ಹೋಯಿತು, ಮಂಡ್ಯವೂ ಹೋಯಿತು.

ಕೆಇಎ ಆಪ್ಷನ್ ಎಂಟ್ರಿಯಲ್ಲಿ ಒಂದು ಸಮಾಧಾನವಿದೆ: ಸಿಗದ ಕಾಲೇಜನ್ನು ಮೊದಲು ಬರೆದರೂ ದಂಡವಿಲ್ಲ, ಯಂತ್ರ ಸುಮ್ಮನೆ ಕೆಳಗಿನದಕ್ಕೆ ಇಳಿಯುತ್ತದೆ. ಹಾಗಾಗಿ ಬೆಂಗಳೂರನ್ನೇ ಮೇಲಿಟ್ಟೆ, ಆಸೆಗೇನು, ಪುಕ್ಕಟೆ. ಆಮೇಲೆ ಕೊಡಗು, ಚಾಮರಾಜನಗರ, ಕಾರವಾರ, ಗದಗ, ಕೊಪ್ಪಳ, ಬೀದರ್.

ಭಯ ಇದ್ದದ್ದು ಅದಕ್ಕೂ ಕೆಳಗೆ. "ಖಾಸಗಿ ಸೀಟುಗಳನ್ನೂ ಹಾಕು, ತೋಟ ಇದೆಯಲ್ಲ" ಎಂದಿದ್ದರು ಅಪ್ಪ. ಎರಡು ಎಕರೆ ಅಡಿಕೆ. ಸೀಟು ಬಂದುಬಿಟ್ಟರೆ ಬೇಡವೆನ್ನಲು ಅವರಿಗೆ ಬಾಯಿ ಬರುವುದಿಲ್ಲ. ಅವನ್ನು ಬಿಟ್ಟೇ ಸಬ್ಮಿಟ್ ಒತ್ತಿದೆ.

"ಎಲ್ಲ ಹಾಕಿದೆಯಾ?"

"ಹೂಂ" ಎಂದೆ. ಅವರು ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು.