ಹಾರ್ಡ್ ಮತ್ತು ಹಾರ್ಡ್ಲಿ

ಹೋದ ಸಲದ ಗೋಡೆ ಪತ್ರಿಕೆಗೆ ನಾನು ಚುಟುಕ ಬರೆದಿದ್ದೆ. ಈ ಸಲ ನಾನು ಮಾಡಿದ ಒಂದು ತಪ್ಪಿನ ವಿಷಯ ಬರೆಯುತ್ತೇನೆ. ಓದಿ ನಗಬೇಡಿ. ನಕ್ಕರೂ ನಮ್ಮಣ್ಣನ ಮುಂದೆ ಮಾತ್ರ ನಗಬೇಡಿ.

ನಮ್ಮಣ್ಣ ಐ.ಟಿ.ಐ. ಮುಗಿಸಿ ಮನೆಯಲ್ಲಿ ಕೂತಿದ್ದ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಖಾಲಿ ಇದೆ, ಅರ್ಜಿ ಇಂಗ್ಲಿಷಿನಲ್ಲೇ ಇರಬೇಕು ಅಂತ ಅವನ ಸ್ನೇಹಿತ ಹೇಳಿದನಂತೆ. "ನಿಂಗೆ ಇಂಗ್ಲಿಷ್‌ನಲ್ಲಿ ಎಪ್ಪತ್ತೆರಡು ಬಂದದಲ್ಲ, ನೀನೇ ಬರ್ಕೊಡ್ಲಾ" ಅಂದ. ನನಗೆ ಹೆಮ್ಮೆಯೋ ಹೆಮ್ಮೆ. ಅವ್ವ ಕೂಡ ಒಲೆ ಮುಂದಿಂದ ಎದ್ದು ಬಂದು ನೋಡಿದಳು.

ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ನಿಯಮ. ಗುಣವಾಚಕಕ್ಕೆ 'ಲಿ' ಸೇರಿಸಿದರೆ ಕ್ರಿಯಾವಿಶೇಷಣ. ನಾವು ಕನ್ನಡದಲ್ಲಿ ನಿಧಾನ ಎನ್ನುವುದಕ್ಕೆ 'ಆಗಿ' ಹಚ್ಚಿ ನಿಧಾನವಾಗಿ ಅನ್ನುವ ಹಾಗೆ ಅವರು ಸ್ಲೋ ಎನ್ನುವುದಕ್ಕೆ 'ಲಿ' ಹಚ್ಚಿ ಸ್ಲೋಲಿ ಅನ್ನುತ್ತಾರೆ. ಹಾಗಾದರೆ ಹಾರ್ಡ್‌ಗೆ ಹಾರ್ಡ್ಲಿ! 'ಕಷ್ಟಪಟ್ಟು ದುಡಿಯುತ್ತೇನೆ' ಅನ್ನುವಾಗ 'ಕಷ್ಟಪಟ್ಟು' ಮೊದಲು ಬರುತ್ತದಲ್ಲ, ಅದೇ ಲೆಕ್ಕದಲ್ಲಿ 'ಐ ವಿಲ್ ಹಾರ್ಡ್ಲಿ ವರ್ಕ್' ಎಂದು ದುಂಡಗೆ ಬರೆದು ಕೊಟ್ಟೆ. ಕೆಳಗೆ ಒಂದು ಗೆರೆಯನ್ನೂ ಎಳೆದೆ. ಅಣ್ಣ ಅದನ್ನು ಅಂಚೆಗೆ ಹಾಕಿದ. ಉತ್ತರ ಬರಲಿಲ್ಲ. ಮೂರು ತಿಂಗಳು ಕಾದು ಹೋಬಳಿಯ ಟ್ರ್ಯಾಕ್ಟರ್ ಗ್ಯಾರೇಜಿಗೆ ಸೇರಿಕೊಂಡ.

ಈ ವರ್ಷ ಜುಲೈನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಹಾರ್ಡ್, ಹಾರ್ಡ್ಲಿ ಎಂದು ಪಕ್ಕಪಕ್ಕ ಬರೆದರು. ಹಾರ್ಡ್ ಎಂಬುದು ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ಅದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಹಾರ್ಡ್ಲಿ ಅಂದರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂದರು. ನನ್ನ ಕಿವಿ ಬಿಸಿಯಾಯಿತು. 'ನಾನು ಕೆಲಸ ಮಾಡುವುದು ಅಷ್ಟಕ್ಕಷ್ಟೆ' ಎಂದು ನಾನೇ ನಮ್ಮಣ್ಣನ ಕೈಲಿ ಸಹಿ ಹಾಕಿಸಿದ್ದೆ.

ಆಮೇಲೆ ಮೇಷ್ಟ್ರು ಹೇಳಿದ್ದನ್ನೆಲ್ಲ ನೋಟ್ ಬುಕ್ಕಿನ ಹಿಂದೆ ಗುರುತು ಹಾಕಿಕೊಂಡೆ. ಲೇಟ್ ಅಂದರೆ ತಡ, ಆದರೆ ಲೇಟ್ಲಿ ಅಂದರೆ ಇತ್ತೀಚೆಗೆ. ಫ್ರೆಂಡ್ಲಿ ಎಂಬುದರ ಕೊನೆಯಲ್ಲಿ 'ಲಿ' ಇದ್ದರೂ ಅದು ಗುಣವಾಚಕವೇ. ಗುಡ್ ಎನ್ನುವುದಕ್ಕೆ ಜೋಡಿ ವೆಲ್. ಖೋ ಖೋ ಆಡುವಾಗ ನಾವೆಲ್ಲ 'ಫಾಸ್ಟ್ಲಿ ಫಾಸ್ಟ್ಲಿ' ಅಂತ ಕೂಗುತ್ತೇವಲ್ಲ, ಆ ಮಾತು ಇಂಗ್ಲಿಷಿನಲ್ಲಿ ಬಳಕೆಯಲ್ಲೇ ಇಲ್ಲವಂತೆ. ಫಾಸ್ಟ್ ಅಂದರೆ ಸಾಕು. (ಆದರೂ ನಾವು ಕೂಗುವುದು ಬಿಡುವುದಿಲ್ಲ.)

ನನಗೆ ಬಹಳ ಹಿಡಿಸಿದ್ದು ಕುಗ್ಗಿಸಿದ ಪದಗಳು. ಕನ್ನಡ ಮೇಡಂ ಲೋಪಸಂಧಿ ಹೇಳಿಕೊಟ್ಟಿದ್ದಾರಲ್ಲ, ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ. ನಡುವಿನ ಉಕಾರ ಹೋದರೂ ಅದು ಹೋದ ಜಾಗಕ್ಕೆ ಏನೂ ಗುರುತಿಲ್ಲ. ಇಂಗ್ಲಿಷಿನವರು ಡು ನಾಟ್ ಎಂಬುದನ್ನು ಡೋಂಟ್ ಮಾಡಿ, ಅಕ್ಷರ ಬಿದ್ದುಹೋದ ಜಾಗದಲ್ಲಿ ಮೇಲೆ ಒಂದು ಸಣ್ಣ ಕೊಕ್ಕೆ ಹಾಕುತ್ತಾರೆ. ಇಟ್ಸ್ ಎಂದು ಕೊಕ್ಕೆ ಹಾಕಿ ಬರೆದರೆ 'ಅದು ಆಗಿದೆ', ಕೊಕ್ಕೆ ಇಲ್ಲದಿದ್ದರೆ 'ಅದರ'. ಹೀಸ್ ಎಂಬುದು ಒಂದು ಕಡೆ ಹಿ ಈಸ್, ಇನ್ನೊಂದು ಕಡೆ ಹಿ ಹ್ಯಾಸ್. ಮುಂದಿನ ಪದ ನೋಡಿಯೇ ತಿಳಿಯಬೇಕು. ವಿಲ್ ನಾಟ್ ಹೇಗೆ ವೋಂಟ್ ಆಯಿತು ಎಂದು ನಾನೇ ಎದ್ದು ಕೇಳಿದೆ. ಹಿಂದೆ ವಿಲ್ ಎಂಬುದಕ್ಕೆ ವೋಲ್ ಎಂಬ ರೂಪವೂ ಇತ್ತಂತೆ. ಅದು ಅಳಿದು ವೋಂಟ್ ಮಾತ್ರ ಉಳಿಯಿತು ಎಂದರು.

ಮಾತಿನಲ್ಲಿ ಇವೆಲ್ಲ ಚೆನ್ನ, ಆದರೆ ಅರ್ಜಿಯಲ್ಲಿ ಪೂರ್ತಿ ಬರೆಯಬೇಕು. ನಾವೂ ಅಷ್ಟೇ ಅಲ್ಲವೇ, ಮೇಷ್ಟ್ರ ಎದುರು "ನಾಳಿಕ್ ಬರಕ್ಕಾಗಲ್ಲ ಸಾ" ಅಂತೀವಿ, ರಜಾಚೀಟಿಯಲ್ಲಿ 'ಬರಲಾಗುವುದಿಲ್ಲ' ಎಂದು ಬರೆಯುತ್ತೇವೆ.

ಅಣ್ಣನಿಗೆ ಹೇಳುವುದೋ ಬೇಡವೋ ಎಂದು ಹದಿನೈದು ದಿನ ಒದ್ದಾಡಿದೆ. ಅರ್ಜಿ ಹೋದದ್ದು ಆ ಒಂದು ಪದದಿಂದಲೇ ಅಂತ ಯಾರು ಹೇಳುತ್ತಾರೆ? ಅದನ್ನು ಅವರು ಓದಿದರೋ ಇಲ್ಲವೋ. ಆದರೂ ರಾತ್ರಿ ಗ್ರೀಸ್ ಮೆತ್ತಿದ ಕೈ ತೊಳೆಯುತ್ತಾ ಅವನು ಬಚ್ಚಲಲ್ಲಿ ನಿಂತಿರುವುದನ್ನು ನೋಡಿದಾಗ ನನಗೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಹೇಳಿಯೇ ಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಜೋರಾಗಿ ನಕ್ಕ. "ಅಂಗಾದ್ರೆ ಅವ್ರು ಸರಿಯಾಗೇ ಮಾಡವ್ರೆ ಬಿಡು. ಇನ್ನೊಂದ್ ಕಡೆ ಖಾಲಿ ಐತಂತೆ, ಬರ್ಕೊಡು" ಅಂದ.

ಈ ಸಲ 'ಐ ವಿಲ್ ವರ್ಕ್ ಹಾರ್ಡ್' ಎಂದು ಬರೆದೆ. ಮೇಷ್ಟ್ರಿಗೆ ತೋರಿಸಿದೆ. ಅವರು ಒಂದು ಕಡೆ ಮಾತ್ರ ತಿದ್ದಿದರು. ಸೋಮವಾರ ಅಂಚೆಗೆ ಹಾಕಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

— ಹತ್ತನೇ ತರಗತಿ 'ಬಿ' ವಿಭಾಗದ ವಿದ್ಯಾರ್ಥಿ