ಇಳಿದು ತಳ್ಳಿದರೂ ಸವಾರಿಯೇ

ಮೊಮ್ಮಗಳಿಗೆ ಹದಿಮೂರು ತುಂಬಿದ ದಿನ ಮಗ ಮನೆಗೆ ಹೊಸ ಸೈಕಲ್ ತಂದ. ಜಗಲಿಯಲ್ಲಿ ನಿಲ್ಲಿಸೋಣವೆಂದರೆ ಅದಕ್ಕೆ ಸ್ಟ್ಯಾಂಡೇ ಇಲ್ಲ. ಗೋಡೆಗೆ ಒರಗಿಸಿದರು. ನಾನು ಕನ್ನಡಕ ಏರಿಸಿಕೊಂಡು ಅದಕ್ಕೊಂದು ಪ್ರದಕ್ಷಿಣೆ ಬಂದೆ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಬೆಲ್ ಕೂಡ ಇಲ್ಲ.

"ಇಷ್ಟು ದುಡ್ಡು ಕೊಟ್ಟು ಅರ್ಧ ಸೈಕಲ್ ತಂದೆಯಲ್ಲ ಮಾರಾಯ!" ಎಂದೆ.

ಮೊಮ್ಮಗಳು ನಕ್ಕಳು. "ಅಜ್ಜ, ಇದು ಮೌಂಟೇನ್ ಬೈಕ್. ಗುಡ್ಡ ಹತ್ತುವ ಸೈಕಲ್."

ಗುಡ್ಡ ಹತ್ತುವ ಸೈಕಲ್! ಆ ಮಾತು ನನಗೆ ಎಲ್ಲೋ ಚುಚ್ಚಿತು. ಯಾಕೆಂದು ಆಮೇಲೆ ಹೇಳುತ್ತೇನೆ.

ನಮ್ಮ ಮನೆ ಇರುವುದು ಪಣಂಬೂರಿನಲ್ಲಿ. ಗುಡ್ಡ ದೂರ, ಸಮುದ್ರ ಹತ್ತಿರ. ಹಾಗಾಗಿ ಅವಳ ಮೊದಲ ಪಾಠ ಬೀಚಿನಲ್ಲೇ ಆಯಿತು. ಬೆಳಗ್ಗೆ ನಾನು ವಾಕಿಂಗ್ ಹೋಗುವಾಗ ಅವಳೂ ಬರುತ್ತಿದ್ದಳು. ಒಣ ಮರಳಿನಲ್ಲಿ ಚಕ್ರ ಹೂತುಹೋಗುತ್ತದೆ; ಅಲೆ ಬಂದು ಹೋದ ಒದ್ದೆ ಮರಳಿನ ಮೇಲೆ ಸರಾಗವಾಗಿ ಓಡುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಅದು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿದುಕೊಳ್ಳುತ್ತದೆ, ಹೂಳುವುದು ಕಡಿಮೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ಇಲ್ಲದಿದ್ದರೆ ನಮ್ಮ ಉಪ್ಪುಗಾಳಿ ವಾರದೊಳಗೆ ಚೈನಿಗೆ ತುಕ್ಕು ಹಿಡಿಸುತ್ತದೆ.

ಗೇರಿನ ಗುಟ್ಟನ್ನು ಅವಳೇ ನನಗೆ ಹೇಳಿಕೊಟ್ಟಳು. ನನ್ನ ಕಾಲದ ಸೈಕಲಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಎರಡು ಸುತ್ತಿಗಿಂತ ಹೆಚ್ಚು ತಿರುಗುತ್ತಿತ್ತು. ಬಯಲಿನಲ್ಲಿ ಅದು ಲಾಭ, ಗುಡ್ಡದಲ್ಲಿ ಶಿಕ್ಷೆ. ಇವಳ ಸೈಕಲಿನಲ್ಲಿ ಮುಂದೆ ಸಣ್ಣ ಹಲ್ಲುಚಕ್ರ, ಹಿಂದೆ ದೊಡ್ಡದು ಹಾಕಿಕೊಂಡರೆ, ಪೆಡಲ್ ಒಂದು ಸುತ್ತು ಬಂದರೂ ಚಕ್ರ ಒಂದು ಸುತ್ತು ಪೂರ್ತಿ ಬರುವುದಿಲ್ಲ. ದಾರಿ ನಿಧಾನ, ಆದರೆ ಕಾಲಿಗೆ ಹಗುರ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇದೆ, ಹೊಂಡಕ್ಕೆ ಇಳಿದರೆ ಅದೇ ಪೆಟ್ಟು ನುಂಗುತ್ತದೆ.

ಒಂದು ದಿನ ಬೀಚಿನಲ್ಲಿ ಕೇಳಿದಳು, "ಅಜ್ಜ, ನೀವು ಸಣ್ಣವರಿದ್ದಾಗ ಇದ್ದ ಮನೆ ಎಲ್ಲಿ?"

ನಾನು ಬಂದರಿನ ಕಡೆ ಕೈ ತೋರಿಸಿದೆ. "ಅಲ್ಲಿ ಹಡಗು ನಿಂತಿದೆಯಲ್ಲ, ಅದರ ಅಡಿಯಲ್ಲಿ."

ತಮಾಷೆ ಎಂದುಕೊಂಡಳು. ತಮಾಷೆಯಲ್ಲ. ನವಮಂಗಳೂರು ಬಂದರನ್ನು ನೆಲ ಅಗೆದು, ಸಮುದ್ರವನ್ನು ಒಳಗೆ ಕರೆದು ಕಟ್ಟಿದ್ದು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರಾಯಿತು. ಅದಕ್ಕೂ ಮೊದಲು, 1960ರ ದಶಕದಲ್ಲಿ, ಆ ನೆಲದಲ್ಲಿದ್ದ ನಮ್ಮಂಥ ಮನೆಗಳವರು ಸುರತ್ಕಲ್ ಆಚೆಯ ಕಾಟಿಪಳ್ಳದ ಗುಡ್ಡಕ್ಕೆ ಹೋದೆವು. ತಮ್ಮನ ಮನೆ ಈಗಲೂ ಅಲ್ಲೇ ಇದೆ. ಮುಂದೆ ನನಗೆ ಕೆಲಸ ಸಿಕ್ಕಿದ್ದೂ ಬಂದರಿನಲ್ಲೇ, ಸರಕು ಲೆಕ್ಕ ಬರೆಯುವುದು. ಬೆಳಗ್ಗೆ ಅಪ್ಪನ ಸೈಕಲಿನಲ್ಲಿ ಗುಡ್ಡ ಇಳಿದು ಬರುತ್ತಿದ್ದೆ. ಸಂಜೆ ಗುಡ್ಡದ ಬುಡಕ್ಕೆ ಬಂದಾಗ ಇಳಿದು ತಳ್ಳುತ್ತಿದ್ದೆ. ಸುಮಾರು 20 ಕಿಲೋ ತೂಕದ ಸೈಕಲ್, ಒಂದೇ ಗೇರ್. ಲಾರಿಯಲ್ಲಿ ಹೋಗುವ ಹುಡುಗರು ಕೂಗುತ್ತಿದ್ದರು, "ಏನು, ಸೈಕಲಿಗೆ ವಾಕಿಂಗಾ?" ನಾನು ತಲೆ ತಗ್ಗಿಸುತ್ತಿದ್ದೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ತಲೆ ತಗ್ಗಿಸಿದ್ದನ್ನು ಮಾತ್ರ ಹೇಳಲಿಲ್ಲ.

ಮಳೆ ಕಡಿಮೆಯಾದ ಸೆಪ್ಟೆಂಬರಿನ ಒಂದು ಭಾನುವಾರ ಮಗ ಕಾರಿನ ಹಿಂದೆ ಸೈಕಲ್ ಕಟ್ಟಿ ನಮ್ಮಿಬ್ಬರನ್ನೂ ಕಾಟಿಪಳ್ಳಕ್ಕೆ ಕರೆದೊಯ್ದ. ತಮ್ಮನ ಮನೆಯ ಹಿಂದೆ ಹಳೆಯ ಕಾಲುದಾರಿಯಿದೆ, ಪೂರ್ತಿ ಮುರಕಲ್ಲು. ಬೇಸಿಗೆಯಲ್ಲಿ ಅದರ ಮೇಲಿನ ಸಣ್ಣ ಹರಳು ಗೋಲಿಯಂತೆ ಉರುಳುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಮೊಮ್ಮಗಳು ತುದಿಯಲ್ಲಿ ನಿಂತು ಕೆಳಗೆ ನೋಡಿದಳು. "ಅಜ್ಜ, ಮಧ್ಯದ ಆ ಕಲ್ಲು ಹಸಿರಾಗಿದೆ. ಅಲ್ಲಿ ಇಳಿದು ತಳ್ಳುತ್ತೇನೆ" ಎಂದಳು.

ನನ್ನ ಬಾಯಿಯಿಂದ ಬಂತು: "ಗುಡ್ಡದ ಸೈಕಲ್ ಅಂತ ಹೇಳಿ ಇಳಿದು ತಳ್ಳುವುದಾ?"

ಅವಳು ನನ್ನ ಮುಖ ನೋಡಿದಳು. ಏನೂ ಹೇಳದೆ ಹತ್ತಿ ಹೊರಟಳು.

ಹಸಿರು ಕಲ್ಲಿನ ಮೇಲೆ ಗಾಬರಿಯಲ್ಲಿ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದಳು. ಮುಂದಿನ ಚಕ್ರ ತಿರುಗುವುದು ನಿಂತಿತು, ಜಾರಿತು. ನಾನು ಆ ಶಬ್ದವನ್ನು ಈಗಲೂ ಕೇಳುತ್ತೇನೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಹೆಲ್ಮೆಟ್ಟೂ ಬಿರುಕು ಬಿಟ್ಟಿತ್ತು. ಅದು ತಲೆಯಲ್ಲಿ ಇಲ್ಲದಿದ್ದರೆ ಎಂದು ಯೋಚಿಸುವುದಕ್ಕೂ ನನಗೆ ಧೈರ್ಯವಿಲ್ಲ.

ಡಾಕ್ಟರು ಕೇಳಿದಾಗ, "ನನ್ನದೇ ತಪ್ಪು, ಬ್ರೇಕ್ ಜೋರಾಗಿ ಹಿಡಿದೆ" ಎಂದಳು. ಮನೆಯಲ್ಲೂ ಹಾಗೇ ಹೇಳಿದಳು. ನನ್ನ ಮಾತನ್ನು ಯಾರಿಗೂ ಹೇಳಲಿಲ್ಲ. ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ನಾನೇ ಹೇಳಿದೆ. "ಮಗು ಇಳಿಯುತ್ತೇನೆ ಅಂದಿತ್ತು. ನಾನು ಹಂಗಿಸಿದೆ." ಮಗ ತಟ್ಟೆ ನೋಡುತ್ತಾ ಕುಳಿತ. ಸೊಸೆ ಏನೂ ಮಾತಾಡದೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಊಟವಾದ ಮೇಲೆ ಮೊಮ್ಮಗಳು ಪಕ್ಕದಲ್ಲಿ ಬಂದು ಕುಳಿತಳು. "ಹಾಗೆ ಯಾಕೆ ಹೇಳಿದಿರಿ ಅಜ್ಜ?"

ಆಗ ಲಾರಿಯ ಹುಡುಗರ ಕಥೆ ಹೇಳಿದೆ. ಇನ್ನೂ ಹಿಂದಿನದನ್ನೂ ಹೇಳಿದೆ. ಪಣಂಬೂರಿನ ಮನೆ ಬಿಟ್ಟ ದಿನ ಅಮ್ಮನ ಅರೆಯುವ ಕಲ್ಲನ್ನು ಇದೇ ಸೈಕಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದಿದ್ದರು. ಅಪ್ಪ ಹ್ಯಾಂಡಲ್ ಹಿಡಿದಿದ್ದರು, ನಾನು ಹಿಂದಿನಿಂದ ತಳ್ಳುತ್ತಿದ್ದೆ. ಗುಡ್ಡ ಹತ್ತುವಾಗ ನಾಲ್ಕು ಸಲ ನಿಂತಿದ್ದೆವು.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ತಳ್ಳಿದ್ದಕ್ಕೇ ಅಲ್ವಾ ಅಜ್ಜ, ಕಲ್ಲು ಮೇಲೆ ಬಂದದ್ದು?"

ನನಗೆ ಉತ್ತರ ಹೊಳೆಯಲಿಲ್ಲ.

ಕೈಗೆ ಪ್ಲಾಸ್ಟರ್ ಇದ್ದ ಆ ವಾರಗಳಲ್ಲಿ ಅವಳು ಓದಿ ನನಗೆ ಓದಿ ಹೇಳುತ್ತಿದ್ದಳು. ಮೌಂಟೇನ್ ಬೈಕ್ ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಿ ಅಲ್ಲವಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಎಂಬ ಕಡೆ, 1970ರ ದಶಕದಲ್ಲಿ ಕೆಲವು ಹುಡುಗರು 1930–40ರ ಕಾಲದ ದಪ್ಪ ಟೈರಿನ ಭಾರದ ಸೈಕಲ್‌ಗಳನ್ನು ಹುಡುಕಿ ತಂದು ಗುಡ್ಡದಿಂದ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಪಂದ್ಯವೇ ಶುರುವಾಯಿತು. ಇಳಿಜಾರು ಎಷ್ಟು ಕಡಿದೆಂದರೆ ಹಿಂದಿನ ಚಕ್ರದೊಳಗಿನ ಬ್ರೇಕ್ ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಇಂಗ್ಲಿಷಿನಲ್ಲಿ ಮತ್ತೆ ತುಂಬುವುದಕ್ಕೆ 'ರೀಪ್ಯಾಕ್' ಎನ್ನುತ್ತಾರೆ, ಆ ಇಳಿಜಾರಿಗೆ ಅದೇ ಹೆಸರಾಯಿತು. ಮರುವರ್ಷ ಜೋ ಬ್ರೀಜ್ ಎಂಬವರು ಗುಡ್ಡಕ್ಕೆಂದೇ ಹೊಸ ಸೈಕಲ್ ಕಟ್ಟಿದರು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಸೇರಿತು. ನಮ್ಮ ಗದಗದಲ್ಲೂ 2022ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು.

"ಮುಖ್ಯ ವಿಷಯ ಕೇಳಿ ಅಜ್ಜ. ಒಲಿಂಪಿಕ್ಸಿನಲ್ಲೂ ದಾರಿ ಕೆಟ್ಟಿದ್ದರೆ ಇಳಿದು ತಳ್ಳಬಹುದು, ಹೆಗಲ ಮೇಲೆ ಹೊತ್ತು ಓಡಬಹುದು. ಅದಕ್ಕೆ ಯಾರೂ ನಗುವುದಿಲ್ಲ."

ಗ್ರೀಸಿನ ಕಥೆ ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ತಮ್ಮನ ಕೊಟ್ಟಿಗೆಯಲ್ಲಿ ತೆಂಗಿನಗರಿಯಡಿ ಬಿದ್ದಿದ್ದ ಅಪ್ಪನ ಸೈಕಲ್ ತರಿಸಿದೆ. ಅವಳು ಒಂದು ಕೈಯಲ್ಲಿ ಗ್ರೀಸ್ ಡಬ್ಬಿ ಹಿಡಿದಳು. ನಾನು ಹಬ್ ಬಿಚ್ಚಿ, ಗೋಲಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂರಿಸಿದೆ. ಕ್ಯಾರಿಯರಿನ ಒಂದು ಕಂಬಿ ಬಗ್ಗಿದೆ. ಅರೆಯುವ ಕಲ್ಲಿನ ಭಾರಕ್ಕೆ ಬಗ್ಗಿದ್ದು. ನೇರ ಮಾಡಬೇಡಿ ಎಂದಳು.

ಡಿಸೆಂಬರಿನಲ್ಲಿ ಕೈ ಪೂರ್ತಿ ಗುಣವಾದ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ಮತ್ತೆ ಅದೇ ದಾರಿಗೆ ಹೋದೆವು. ಹೊಸ ಹೆಲ್ಮೆಟ್, ಕೈಗೆ ಗ್ಲೌಸ್. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಹಾಕಬಾರದು. ಅವಳು ಮೊದಲು ಇಡೀ ದಾರಿ ನಡೆದು ನೋಡಿ ಬಂದಳು. ಆಮೇಲೆ ಹೊರಟಳು. ಎರಡೂ ಪೆಡಲ್ ಸಮ ಮಾಡಿ ನಿಂತು, ಮೈ ಹಿಂದಕ್ಕೆ ತಂದು, ಚಕ್ರವನ್ನು ನೋಡದೆ ಮುಂದಿನ ದಾರಿ ನೋಡುತ್ತಾ, ತಿರುವು ಬರುವ ಮೊದಲೇ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಇಳಿದಳು. ಆ ಕಲ್ಲು ಬಂತು. ಪಾಚಿ ಒಣಗಿತ್ತು, ಆದರೆ ಮೇಲೆ ಹರಳು ತುಂಬಿತ್ತು. ಅವಳು ಇಳಿದಳು. ಹತ್ತು ಹೆಜ್ಜೆ ತಳ್ಳಿದಳು. ಮತ್ತೆ ಹತ್ತಿ ಹೊರಟಳು.

ಹಿಂದೆ ನಾನು ಅಪ್ಪನ ಸೈಕಲ್ ಹಿಡಿದುಕೊಂಡು ನಡೆದೇ ಇಳಿದೆ. ಕೆಳಗೆ ರಸ್ತೆಯಲ್ಲಿ ಇಬ್ಬರು ಹುಡುಗರು ನಿಂತು ನಮ್ಮನ್ನೇ ನೋಡುತ್ತಿದ್ದರು. ಈ ಸಲ ನಾನು ತಲೆ ತಗ್ಗಿಸಲಿಲ್ಲ, ಬೆಲ್ ಹೊಡೆದೆ.

ಅವಳ ಸೈಕಲಿಗೂ ಈಗ ಬೆಲ್ ಇದೆ. ನಾನೇ ತಂದು ಹಾಕಿಸಿದ್ದು. ಬೀಚಿನಲ್ಲಿ ಬೆಳಗ್ಗೆ ನಡೆಯುವ ಅಜ್ಜಂದಿರು ತುಂಬ ಜನ ಇದ್ದಾರಲ್ಲ, ಅವರಿಗೆ ಕೇಳಬೇಕು.