ಅಟ್ಟದ ಮೇಲಿನ ಓಲೆಗರಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆ. ಅದರೊಳಗೆ ಹನ್ನೊಂದು ಕಟ್ಟು ತಾಳೆಯೋಲೆಯ ಗ್ರಂಥಗಳು. ವರ್ಷಕ್ಕೊಮ್ಮೆ, ನವರಾತ್ರಿಯ ಸರಸ್ವತೀಪೂಜೆಗೆಂದು ಅವನ್ನು ಕೆಳಗಿಳಿಸಿ, ಧೂಳು ಕೊಡವಿ, ಮೆತ್ತನೆಯ ಬಟ್ಟೆಯಿಂದ ಎಣ್ಣೆ ಸವರಿ, ಹಲಗೆಗಳ ನಡುವೆ ಬಿಗಿದು ಮತ್ತೆ ಮೇಲಕ್ಕೇರಿಸುವುದು ನಮ್ಮ ತಂದೆಯವರ ಕಾಲದಿಂದ ನಡೆದುಬಂದ ಪದ್ಧತಿ. ಪೂಜೆಯ ನೆಪದಲ್ಲಿ ಹಿರಿಯರು ಹುಳುವಿನ ತನಿಖೆಯನ್ನು ಎಷ್ಟು ಜಾಣತನದಿಂದ ಮಾಡಿಸುತ್ತಿದ್ದರೆಂಬುದು ನನಗೆ ಹೊಳೆದದ್ದು ಮುಪ್ಪಿನಲ್ಲಿ.

ಈ ಸಲ ಪೆಟ್ಟಿಗೆ ತೆರೆದಾಗ ಎರಡು ಕಟ್ಟುಗಳ ಅಂಚನ್ನು ಹುಳು ತಿಂದಿತ್ತು. ಏಣಿ ಹತ್ತುವ ಮಕ್ಕಳು ಊರಿನಲ್ಲಿಲ್ಲ. ಯಾವುದಾದರೊಂದು ಸಂಗ್ರಹಾಲಯಕ್ಕೆ ಒಪ್ಪಿಸಿಬಿಡೋಣವೆಂದೆನು. ಅದಕ್ಕೆ ಮನೆಯಾಕೆ, “ನಿಮ್ಮ ಚಿಕ್ಕಪ್ಪನವರು ಕೊಟ್ಟದ್ದನ್ನು ಮರೆತಿರೇನು?” ಎಂದಳು.

ಮರೆಯುವಂತಹುದಲ್ಲ. ನಲವತ್ತು ವರ್ಷಗಳ ಹಿಂದೆ ಚಿಕ್ಕಪ್ಪನವರು ತಮ್ಮ ಪಾಲಿಗೆ ಬಂದ ಆರು ಕಟ್ಟುಗಳನ್ನು ಒಂದು ಸಂಸ್ಥೆಗೆ ದಾನವಾಗಿ ಕೊಟ್ಟಿದ್ದರು; ಅದರ ಹೆಸರು ಇಲ್ಲಿ ಬೇಡ. ಹಾರ ಹಾಕಿದರು, ಕಾಫಿ ಕೊಟ್ಟರು, ರಸೀದಿ ಮಾತ್ರ ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ನಾನೊಮ್ಮೆ ಹೋಗಿ ವಿಚಾರಿಸಲಾಗಿ, ದಾಖಲೆಯ ಪುಸ್ತಕದಲ್ಲಿ ಅವುಗಳ ಸುಳಿವೇ ಇಲ್ಲ. ಕಳವಾಯಿತೆಂದು ದೂರುವುದಕ್ಕೂ ದಾರಿಯಿರಲಿಲ್ಲ. ಬಂದೇ ಇಲ್ಲವೆಂದ ವಸ್ತು ಹೋಗುವುದೆಂತು?

ಇದು ಸಣ್ಣ ಊರುಗಳ ಅವ್ಯವಸ್ಥೆಯೆಂದು ಬಹುಕಾಲ ತಿಳಿದಿದ್ದೆನು. 2023ರ ಆಗಸ್ಟಿನಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ವರ್ತಮಾನ ಬಂದಿತು. ಅಲ್ಲಿಯ ಉಗ್ರಾಣದಿಂದ ಚಿನ್ನದ ಒಡವೆಗಳು, ಕೆತ್ತನೆಯ ಹರಳುಗಳು ಮಾಯವಾಗಿದ್ದವು. ಕಾಣೆಯಾದವು, ಕಳವಾದವು, ಕೆಟ್ಟವು ಎಲ್ಲ ಸೇರಿ ಸುಮಾರು 2000. ಬಹುಪಾಲು ಪಟ್ಟಿಗೆ ಸರಿಯಾಗಿ ಸೇರದಿದ್ದ ಚಿಕ್ಕ ವಸ್ತುಗಳಂತೆ. ಇತಾಯ್ ಗ್ರಾಡೆಲ್ ಎಂಬ ಡೆನ್ಮಾರ್ಕಿನ ವರ್ತಕರು 2021ರಲ್ಲಿಯೇ ಎಚ್ಚರಿಸಿದ್ದರು. ಎಲ್ಲವೂ ಸರಿಯಾಗಿದೆಯೆಂಬ ಉತ್ತರ ಹೋಗಿತ್ತು. ಕಡೆಗೆ ನಿರ್ದೇಶಕ ಹಾರ್ಟ್‌ವಿಗ್ ಫಿಷರ್ ಅವರು ಅಧಿಕಾರ ಬಿಡಬೇಕಾಯಿತು. ಅಷ್ಟು ದೊಡ್ಡ ಮನೆಯಲ್ಲಿಯೂ ಚಿಕ್ಕಪ್ಪನವರ ಕಥೆಯೇ!

ನಿಯಮಗಳಿಲ್ಲವೆಂದಲ್ಲ. 1946ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಲಿಯು 1986ರಲ್ಲಿ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿ 2004ರಲ್ಲಿ ತಿದ್ದಿತು. ವಸ್ತುವಿನ ಮೂಲ, ಸ್ಥಿತಿ, ಇರುವ ಜಾಗ ಎಲ್ಲವನ್ನೂ ಬರೆದಿಡತಕ್ಕದ್ದು. ಸಂಗ್ರಹದಿಂದ ಏನನ್ನಾದರೂ ಕಳೆದರೆ ಬಂದ ಹಣ ಸಂಗ್ರಹಕ್ಕೇ ಸಲ್ಲತಕ್ಕದ್ದು. ಹಾಗೆ ಕಳೆದ ವಸ್ತುವನ್ನು ಆಡಳಿತ ಮಂಡಲಿಯವರಾಗಲಿ, ನೌಕರರಾಗಲಿ, ಅವರ ಮನೆಯವರಾಗಲಿ ಕೊಳ್ಳಕೂಡದು. ಈ ಕೊನೆಯದನ್ನು ಬರೆದವರು ಸಂಸಾರಿಗಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಹಾಗೆಂದು ಕೊಡದಿರುವುದೂ ತಪ್ಪೆನಿಸುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು 1905ರಲ್ಲಿ ಕಂಡುಕೊಂಡವರು ಅಲ್ಲಿಯ ಆರ್. ಶಾಮಶಾಸ್ತ್ರಿಗಳು; 1909ರಲ್ಲಿ ಅಚ್ಚಾಯಿತು. ಆ ಪಂಡಿತರೂ ನನ್ನಂತೆ ಶಂಕಿಸಿ ಅಟ್ಟದ ಮೇಲೆಯೇ ಇಟ್ಟುಕೊಂಡಿದ್ದರೆ?

ಕಡೆಗೆ ನಾವಿಬ್ಬರೂ ಕುಳಿತು ನಾವೇ ಪಟ್ಟಿ ಮಾಡಿದೆವು: ಕಟ್ಟಿನ ಉದ್ದಗಲ, ಗರಿಗಳ ಲೆಕ್ಕ, ಓದಲಾದಷ್ಟು ಮೊದಲ ಸಾಲು, ಹುಳು ತಿಂದ ಜಾಗ. ಆಕೆ ಎಣಿಸಿದಳು, ನಾನು ಬರೆದೆನು. ಎರಡು ಪ್ರತಿಗಳಾದವು. ಒಂದನ್ನು ಒಂದು ಸಂಸ್ಥೆಗೆ ಕಳುಹಿಸಿ, ಪ್ರತಿಯೊಂದು ಕಟ್ಟಿಗೂ ಸಂಖ್ಯೆ ಹಾಕಿ ರಸೀದಿ ಕೊಡುವಿರಾ, ವರ್ಷಕ್ಕೆಷ್ಟು ಸಲ ತೆರೆದು ನೋಡುವಿರಿ, ಕಳೆಯುವುದಾದರೆ ಮೊದಲು ನಮಗೆ ತಿಳಿಸುವಿರಾ ಎಂದು ಕೇಳಿದೆನು. ಮೊದಲ ಎರಡಕ್ಕೆ ಸಮರ್ಪಕವಾದ ಉತ್ತರ ಬಂದಿದೆ. ಮೂರನೆಯದರ ಮಾತೇ ಇಲ್ಲ. ಮತ್ತೊಮ್ಮೆ ಬರೆದಿದ್ದೇನೆ.

ಅಷ್ಟರಲ್ಲಿ ಹುಳು ಕಾಯುವುದಿಲ್ಲವಷ್ಟೆ. ಹನ್ನೊಂದು ಕಟ್ಟುಗಳೂ ಈಗ ಅಟ್ಟದಿಂದಿಳಿದು, ಆಕೆಯ ಕೈಗೆಟುಕುವಂತೆ, ರೇಷ್ಮೆ ಸೀರೆಗಳ ಪಕ್ಕದ ಬೀರುವಿನಲ್ಲಿವೆ.